ಅಪ್ಪಯ್ಯನಿಗೆ ಎರಡು ದಾಳ ಸಾಕು

ಮಿಲ್ವಾಕಿ, ಅಮೆರಿಕ, ನವೆಂಬರ್ 23

ಪ್ರೀತಿಯ ಅಕ್ಕನಿಗೆ,

ನಾನಿಲ್ಲಿ ಕ್ಷೇಮ. ನೀನು, ಭಾವ, ಅಮ್ಮ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ಅಡಿಕೆ ಕೊಯ್ಲು ಶುರುವಾಯಿತೆಂದು ಭಾವ ಮೆಸೇಜ್ ಹಾಕಿದ್ದರು. ಈ ವರ್ಷ ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಕ್ಕಿದನಲ್ಲ, ಅದೇ ದೊಡ್ಡದು.

ನಿನ್ನ ಉದ್ದದ ಮೇಲ್ ರಾತ್ರಿಯೇ ಓದಿದೆ. ಫೋನಿನಲ್ಲಾದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಎಲ್ಲ ಮಾತಾಡಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಅಪ್ಪಯ್ಯನ ವಿಷಯ. ಲಕ್ವ ಹೊಡೆದವರಿಗೆ ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಊಟ ಮಾಡುವಾಗ ಕೆಮ್ಮು ಬರುತ್ತದಾ, ನೀರು ಕುಡಿದರೆ ನೆತ್ತಿಗೆ ಹತ್ತುತ್ತದಾ ನೋಡು. ಹತ್ತುತ್ತಿದ್ದರೆ ಕಾಯಬೇಡ, ಶಿವಮೊಗ್ಗದ ಡಾಕ್ಟರಿಗೆ ಅವತ್ತೇ ಹೇಳು. ಬಲಗೈ ಬೆರಳು ಸ್ವಲ್ಪ ಮಡಚಲು ಬರುತ್ತಿದೆ ಎಂದು ಬರೆದದ್ದು ಓದಿ ಎಷ್ಟೋ ಸಮಾಧಾನವಾಯಿತು. ಆದರೆ ಮಾತಿನ ಬಗ್ಗೆ ನೀನು ಬರೆದದ್ದು ಓದಿದ ಮೇಲೆ ನಿದ್ದೆ ಬರಲಿಲ್ಲ. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಲು ಹೊರಟರೆ ಶಬ್ದ ಸಿಗುವುದಿಲ್ಲ, ಸಿಟ್ಟು ಬಂದು ಗೋಡೆ ಕಡೆ ತಿರುಗಿ ಮಲಗುತ್ತಾರೆ ಅಂದೆಯಲ್ಲ. ತಾಳಮದ್ದಳೆಯಲ್ಲಿ ಒಂದು ಪದ್ಯಕ್ಕೆ ಮುಕ್ಕಾಲು ಗಂಟೆ ಅರ್ಥ ಹೇಳುತ್ತಿದ್ದ ಮನುಷ್ಯ ಅಕ್ಕ ಅವರು. ಆ ಸಿಟ್ಟು ಯಾರಿಗಾದರೂ ಬರುವಂಥದ್ದೇ.

ಇನ್ನು ಸುಹಾಸನ ಮೇಲೆ ನೀನು ರೇಗಿದ್ದು. ರಜೆಗೆ ಬಂದವನು ಅಜ್ಜನ ಮಂಚದ ಪಕ್ಕ ಕೂತು, ಮೂರು ಹಾಳೆ ಪ್ರಿಂಟ್ ಇಟ್ಟುಕೊಂಡು ಒಬ್ಬ ಕಥೆ ನಡೆಸಿ ಉಳಿದವರು ಅದರ ಪಾತ್ರಗಳಾಗಿ ದಾಳ ಹಾಕುತ್ತಾ ಆಡುವ ಆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಆಡಿಸಲು ಹೋದ, ಅಪ್ಪಯ್ಯ ಎಡಗೈಯಲ್ಲಿ ಹಾಳೆ ನೂಕಿ ‘ಬೇಡ’ ಎಂದರು, ಅವತ್ತಿಡೀ ಊಟವನ್ನೂ ಸರಿ ಮಾಡಲಿಲ್ಲ. ಕಾಯಿಲೆ ಜೋರಾಯಿತೇನೋ ಎಂದು ನಿನಗೆ ಹೆದರಿಕೆ. ‘ನೀನೂ ಅಲ್ಲಿ ಇದನ್ನೇ ಆಡುತ್ತೀಯಂತೆ, ಹುಡುಗನ ತಲೆಗೆ ನೀನೇ ತುಂಬಿದ್ದು’ ಎಂದೂ ಬರೆದಿದ್ದೀಯ. ಆಡುತ್ತೇನೆ, ನಿಜ. ಅದಕ್ಕೇ ಹೇಳುತ್ತೇನೆ ಕೇಳು: ಅಪ್ಪಯ್ಯ ಬೇಡವೆಂದದ್ದು ಆ ಹಾಳೆಯ ಲೆಕ್ಕವನ್ನು. ಆಟ ಇನ್ನೂ ಅವರ ಮುಂದೆ ಬಂದೇ ಇಲ್ಲ.

ಆ ಹಾಳೆಯನ್ನು ಒಮ್ಮೆ ನೀನೇ ನೋಡು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣ. ದಾಳ ಉರುಳಿಸಿದರೆ ಒಂದೊಂದಕ್ಕೂ 3ರಿಂದ 18ರೊಳಗೆ ಅಂಕ ಬರುತ್ತದೆ. ಆದರೆ ಆಡುವಾಗ ಆ ಅಂಕವನ್ನು ನೇರವಾಗಿ ಬಳಸುವುದೇ ಕಡಿಮೆ. ಅದರಿಂದ 10 ಕಳೆದು ಅರ್ಧ ಮಾಡಿದ ಇನ್ನೊಂದು ಅಂಕ ಬೇಕು. ಬಲ 16 ಇದ್ದವನು 20 ಮುಖದ ದಾಳ ಹಾಕಿ 3 ಕೂಡಿಸಬೇಕು. ಅದರ ಕೆಳಗೆ 18 ಕೌಶಲಗಳ ಪಟ್ಟಿ, ಕಲಿತ ಕೌಶಲವಾದರೆ ಇನ್ನೂ 2 ಕೂಡಿಸಬೇಕು. ಮೊದಲು 12 ವೃತ್ತಿಗಳಲ್ಲಿ ಒಂದನ್ನು ಆರಿಸಬೇಕು. ಕಾದಾಟ ಬಂದರೆ ಒಂದು ಸರದಿಯಲ್ಲಿ ಒಂದು ಕ್ರಿಯೆ, ಕೆಲವರಿಗೆ ಮತ್ತೊಂದು ಹೆಚ್ಚುವರಿ ಕ್ರಿಯೆ, ಮೇಲೆ 30 ಅಡಿ ಓಡಾಟ, ಎದುರಿನವನ ಸರದಿಯಲ್ಲಿ ಬಳಸಲು ಒಂದು ಪ್ರತಿಕ್ರಿಯೆ. ಎಲ್ಲವೂ ಇಂಗ್ಲಿಷಿನಲ್ಲಿ. ಆರೋಗ್ಯವಾಗಿರುವ ನಮ್ಮ ಆಫೀಸಿನವರೇ ಇದನ್ನು ಕಲಿಯಲು ತಿಣುಕುತ್ತಾರೆ. ಶಬ್ದ ಹುಡುಕುತ್ತಿರುವವರ ಮುಂದೆ ಲೆಕ್ಕದ ಪಟ್ಟಿ ಇಟ್ಟರೆ ನೂಕದೆ ಇನ್ನೇನು ಮಾಡಿಯಾರು? ನೂಕಿದ್ದು ಒಳ್ಳೆಯ ಲಕ್ಷಣ ಎಂದೇ ನನಗನ್ನಿಸುತ್ತದೆ. ಬೇಡದ್ದನ್ನು ಬೇಡವೆಂದು ಬಾಯಿಬಿಟ್ಟು ಹೇಳಿದರಲ್ಲ.

ಈ ಆಟ ಹುಟ್ಟಿದ ಊರು ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ ದೂರ. ಲೇಕ್ ಜಿನೀವಾ ಎಂದು ಹೆಸರು, ಕೆರೆ ದಂಡೆಯ ಪುಟ್ಟ ಊರು. ಗ್ಯಾರಿ ಗೈಗ್ಯಾಕ್ಸ್ ಎನ್ನುವವರು ಇನ್ಶೂರೆನ್ಸ್ ಕೆಲಸದಲ್ಲಿದ್ದವರು, ಅದು ಹೋದ ಮೇಲೆ ಚಪ್ಪಲಿ-ಬೂಟು ರಿಪೇರಿ ಮಾಡಿ ಸಂಸಾರ ನಡೆಸಿದವರು. ಅವರೂ ಡೇವ್ ಆರ್ನೆಸನ್ ಎನ್ನುವವರೂ ಸೇರಿ 1974ರಲ್ಲಿ ಮೂರು ಚಿಕ್ಕ ಪುಸ್ತಿಕೆಗಳನ್ನು ಒಂದು ಡಬ್ಬಿಯಲ್ಲಿಟ್ಟು 10 ಡಾಲರಿಗೆ ಮಾರಿದರು. ಮೊದಲ 1000 ಡಬ್ಬಿಗಳನ್ನು ಮನೆಯಲ್ಲಿ ಕೈಯಲ್ಲೇ ಜೋಡಿಸಿದ್ದಂತೆ. ಈಗಲೂ ಪ್ರತಿ ಮಾರ್ಚ್‌ನಲ್ಲಿ ಅವರ ನೆನಪಿಗೆ ಆ ಊರಲ್ಲಿ ಜನ ಸೇರುತ್ತಾರೆ. ತಲೆ ನರೆತವರು, ಮೊಮ್ಮಕ್ಕಳಿರುವವರು ಹಗಲೂ ರಾತ್ರಿ ಮೇಜಿನ ಸುತ್ತ ಕೂತು ಆಡುತ್ತಾರೆ. ನಮ್ಮ ಗುಂಪಿನಲ್ಲೂ ಬಸ್ ಓಡಿಸಿ ರಿಟೈರ್ ಆದ ಅಜ್ಜನೊಬ್ಬರಿದ್ದಾರೆ. ಗುಹೆಯಲ್ಲಿ ಬದುಕುವ ಕುಬ್ಜ ಕಮ್ಮಾರನಾಗಿ ಅವರು ಮಾತಾಡಲು ಶುರುಮಾಡಿದರೆ ಯಾರೂ ನಗುವುದಿಲ್ಲ, ಎಲ್ಲರೂ ಕಿವಿಗೊಡುತ್ತಾರೆ. ಇಲ್ಲಿಯವರ ಈ ಗುಣ ನನಗೆ ಬಹಳ ಇಷ್ಟ. ದೊಡ್ಡವರು ಆಡುವುದನ್ನು ಇವರು ಹಗುರವಾಗಿ ಕಾಣುವುದಿಲ್ಲ.

ನಿಯಮ ಇಷ್ಟು ಬೆಳೆದದ್ದು ಯಾಕೆಂದರೆ, ಆಟ ಹುಟ್ಟಿದ್ದೇ ಗೊಂಬೆ ಸೈನಿಕರನ್ನು ಜೋಡಿಸಿ ಆಡುವ ಯುದ್ಧದಾಟದಿಂದ. ಅಲ್ಲಿ ಕವಚ, ದೂರ, ಗಾಯ ಎಲ್ಲಕ್ಕೂ ಲೆಕ್ಕ. ಆಮೇಲೆ ಊರೂರಲ್ಲಿ ಆಡುವಾಗ ಜಗಳ ಬಂದಲ್ಲೆಲ್ಲ ಒಂದು ನಿಯಮ ಸೇರುತ್ತಾ ಹೋಯಿತು. 1989ರ ಆವೃತ್ತಿಯಲ್ಲಿ ಕವಚ ಗಟ್ಟಿಯಾದಷ್ಟೂ ಅದರ ಅಂಕ ಇಳಿಯುತ್ತಿತ್ತು. ಹೊಡೆಯಲು ನಿನ್ನ ಅಂಕ 17, ಎದುರಿನವನ ಕವಚ 4 ಆದರೆ ಕಳೆದು, 20 ಮುಖದ ದಾಳದಲ್ಲಿ 13 ಅಥವಾ ಹೆಚ್ಚು ಹಾಕಬೇಕು. ಕವಚದ ಅಂಕ ಸೊನ್ನೆಗಿಂತ ಕೆಳಗಿದ್ದರೆ ಕಳೆಯುವ ಬದಲು ಕೂಡಿಸಿದಂತಾಗುತ್ತದೆ! 2000ದಲ್ಲಿ ಅದನ್ನು ತಿರುಗಿಸಿ ನೇರ ಮಾಡಿದರು, ಆದರೆ ಬೇರೆ ಕಡೆ ಬೆಳೆಸಿದರು. ಒಬ್ಬನನ್ನು ಹಿಡಿದುಕೊಳ್ಳಬೇಕಾದರೆ ಮೊದಲು ಅವನಿಗೆ ಹೊಡೆಯುವ ಅವಕಾಶ, ಅದು ತಪ್ಪಿದರೆ ಮುಟ್ಟಲು ಒಂದು ದಾಳ, ಮುಟ್ಟಿದರೆ ಇಬ್ಬರೂ ಎದುರುಬದುರು ದಾಳ, ಅದಕ್ಕೆ ಮೈಗಾತ್ರದ ಅಂಕ ಬೇರೆ. ಅದೇ ದಾರಿಯಲ್ಲಿ 2009ರಲ್ಲಿ ಬಂದ ‘ಪಾತ್‌ಫೈಂಡರ್’ ಎಂಬ ಆಟದ ಮೂಲ ಪುಸ್ತಕಕ್ಕೆ 576 ಪುಟ. ಸುಹಾಸನ ಹತ್ತಿರ ಇರುವುದು ಡಂಜನ್ಸ್‌ನ 2014ರ ಆವೃತ್ತಿ, ಇವುಗಳಿಗಿಂತ ಎಷ್ಟೋ ಸರಳ. ಆದರೂ ಅಪ್ಪಯ್ಯನಿಗೆ ಅದಲ್ಲ.

ಅವರಿಗೆ ತಕ್ಕದ್ದು ಬೇರೆ ಇದೆ. 1975ರಲ್ಲೇ ಅರಿಜೋನಾದ ಕೆನ್ ಸೇಂಟ್ ಆಂಡ್ರೆ ಎನ್ನುವವರು ಆ ಮೂರು ಪುಸ್ತಿಕೆ ಓದಿ, ಗೋಜಲೆನಿಸಿ, ಮನೆಯಲ್ಲಿರುವ ಆರು ಮುಖದ ದಾಳ ಮಾತ್ರ ಸಾಕಾಗುವ ‘ಟನಲ್ಸ್ ಅಂಡ್ ಟ್ರೋಲ್ಸ್’ ಬರೆದರು. ಈಚೆಗೆ ಇಂಥವು ಬಹಳ. ನಾನು ಹೆಚ್ಚು ಆಡುವುದು ‘ಕೇರ್ನ್’, 2020ರದ್ದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಆರರ ಬದಲು ಮೂರೇ ಗುಣ, ಹೊರಲು ಹತ್ತೇ ವಸ್ತುಗಳಿಗೆ ಜಾಗ. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂದು ದಾಳ ಹಾಕುವುದೇ ಇಲ್ಲ, ತಾಗಿತು ಎಂದೇ ಲೆಕ್ಕ, ಎಷ್ಟು ಗಾಯವೆಂದು ಮಾತ್ರ ನೋಡುವುದು. ಅದರಿಂದ ಜನ ಕತ್ತಿ ಎತ್ತುವ ಮೊದಲು ಯೋಚಿಸುತ್ತಾರೆ, ಮಾತಾಡುತ್ತಾರೆ, ಉಪಾಯ ಹುಡುಕುತ್ತಾರೆ.

ಆದರೆ ಅದಕ್ಕೂ 20 ಮುಖದ ದಾಳ ಬೇಕು, ಸಾಗರದ ಅಂಗಡಿಯಲ್ಲಿ ಹುಡುಕುತ್ತಾ ಕೂರುವುದು ಬೇಡ. 2012ರ ‘ಡಂಜನ್ ವರ್ಲ್ಡ್’ ಎಂಬ ಆಟದಲ್ಲಿ ಎರಡು ಮಾಮೂಲಿ ದಾಳಗಳ ಕ್ರಮವಿದೆ. ಅದಕ್ಕೂ ತನ್ನದೇ ಹಾಳೆ, ಅಂಕಗಳಿವೆ. ಅವನ್ನೆಲ್ಲ ಬಿಟ್ಟು ತಿರುಳಷ್ಟನ್ನು ಸುಹಾಸ ತೆಗೆದುಕೊಳ್ಳಲಿ. ಹಾವು ಏಣಿ ಡಬ್ಬಿಯ ದಾಳ ಸಾಕು. ಎರಡನ್ನೂ ಹಾಕಿ ಕೂಡಿಸುವುದು. 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನಾದರೂ ತೆರಬೇಕು. 6 ಅಥವಾ ಕೆಳಗೆ ಬಂದರೆ ಹೊಸ ಸಂಕಟ. ನಿಯಮ ಇಷ್ಟೇ. ಬರಿ ದಾಳದಲ್ಲಿ 36ಕ್ಕೆ ಆರು ಸಲ ಮಾತ್ರ ಪೂರ್ತಿ ಗೆಲುವು, ಹದಿನೈದು ಸಲ ಅರೆ ಗೆಲುವು. ಆ ಅರೆ ಗೆಲುವೇ ಕಥೆಯನ್ನು ಮುಂದೆ ಎಳೆಯುವುದು. ಅಪ್ಪಯ್ಯನ ಪಾತ್ರಕ್ಕೆ ಒಂದೇ ಒಂದು ಶಕ್ತಿ ಕೊಡಲಿ, ಮಾತಿನ ಶಕ್ತಿ. ಯಾರನ್ನಾದರೂ ಒಪ್ಪಿಸಲು ಹೊರಟರೆ 1 ಕೂಡಿಸುವುದು. ಅಷ್ಟಕ್ಕೇ ಪೂರ್ತಿ ಗೆಲುವು 36ಕ್ಕೆ ಹತ್ತಾಗುತ್ತದೆ.

ಕಥೆಗೆ ಡ್ರ್ಯಾಗನ್ ಯಾಕೆ? ಕೆಳದಿ, ಇಕ್ಕೇರಿ ನಮ್ಮ ಮಗ್ಗುಲಲ್ಲೇ ಇದೆ. 1689ರಲ್ಲಿ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು, ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದು ಅಪ್ಪಯ್ಯನಿಗೆ ಬಾಯಿಪಾಠ. ಅಪ್ಪಯ್ಯ ರಾಣಿಯ ದೂತ, ರಾತ್ರಿ ಕಾಡಿನಲ್ಲಿ ಓಲೆ ಒಯ್ಯುತ್ತಿದ್ದಾರೆ. ಬೇಕಿದ್ದರೆ ಆಲದ ಮರದಲ್ಲಿ ಒಬ್ಬ ಬ್ರಹ್ಮರಾಕ್ಷಸನೂ ಇರಲಿ. ಸುಹಾಸ ಇಷ್ಟು ಹೇಳಲಿ: ‘ಅಜ್ಜ, ಹೊಳೆ ತುಂಬಿದ್ದು. ದೋಣಿಯವನು ಆಚೆ ದಡದಲ್ಲಿದ್ದ. ಹಿಂದೆ ಕುದುರೆ ಸದ್ದು. ಎಂತ ಮಾಡ್ತೆ?’ ಕೇಳಿ ಸುಮ್ಮನೆ ಕೂರಬೇಕು. ಈಜುವುದಾದರೆ ಒಂದು ಬೆರಳು, ದೋಣಿಯವನನ್ನು ಕೂಗುವುದಾದರೆ ಎರಡು, ಅಡಗುವುದಾದರೆ ಮೂರು. ಎರಡು ಬೆರಳು ತೋರಿಸಿದರೂ ಸಾಕು, ‘ದೋಣಿ’ ಎಂದರೆ ಇನ್ನೂ ಒಳ್ಳೆಯದು. ದಾಳವನ್ನು ಎಡಗೈಯಲ್ಲಿ ಅಪ್ಪಯ್ಯನೇ ಹಾಕಲಿ. 8 ಬಂತು ಎಂದುಕೋ, ದೋಣಿಯವನು ಬಂದ, ಆದರೆ ದಾಟಿಸಲು ರಾಣಿಯ ಮುದ್ರೆಯುಂಗುರ ಕೇಳುತ್ತಾನೆ. ಕೊಡುತ್ತಾರಾ? ಅಲ್ಲಿ ನೋಡು, ಅಪ್ಪಯ್ಯ ಸುಮ್ಮನೆ ಕೂರುವವರಲ್ಲ.

ಯಾಕೆ ಇಷ್ಟು ಧೈರ್ಯದಿಂದ ಹೇಳುತ್ತೇನೆಂದರೆ, ಅವರು ಆಯುಷ್ಯವಿಡೀ ಮಾಡಿದ್ದೇ ಇದನ್ನು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರು ಪದ್ಯ ಎತ್ತಿಕೊಡುತ್ತಾರೆ, ಎದುರಿನವನು ಸವಾಲು ಹಾಕುತ್ತಾನೆ, ಅರ್ಥಧಾರಿ ಅಲ್ಲೇ ಉತ್ತರ ಹೊಸೆಯಬೇಕು. ವಾಲಿ ಸಾಯುವುದಂತೂ ತಪ್ಪದು. ಸಾಯುವ ಮೊದಲು ರಾಮನನ್ನು ಎಷ್ಟು ಹೊತ್ತು ಕಟಕಟೆಯಲ್ಲಿ ನಿಲ್ಲಿಸುತ್ತಾನೆ ಎಂಬುದು ಅವತ್ತಿನ ಅರ್ಥಧಾರಿಗೆ ಬಿಟ್ಟದ್ದು. ಈ ಆಟದಲ್ಲಿ ಕೊನೆಯೂ ಗೊತ್ತಿರುವುದಿಲ್ಲ, ಅದೊಂದು ಹೆಚ್ಚು. ಸುಹಾಸ ಭಾಗವತರ ಜಾಗದಲ್ಲಿ ಕೂರಬೇಕು.

ಹಗುರ ನಿಯಮದ ಕಷ್ಟವೂ ಅಲ್ಲೇ ಇದೆ. ಪುಸ್ತಕ ದಪ್ಪವಿದ್ದರೆ ಆಡಿಸುವವನು ಪಕ್ಷಪಾತ ಮಾಡಿದಾಗ ತೋರಿಸಿ ಕೇಳಬಹುದು, ಮೆತ್ತಗಿನವರಿಗೂ ನ್ಯಾಯ ಸಿಗುತ್ತದೆ. ಪಾತ್ರವನ್ನು ಲೆಕ್ಕ ಹಾಕಿ ಕಟ್ಟುವುದೇ ಸಂತೋಷ ಎನ್ನುವವರೂ ಇದ್ದಾರೆ, ಸುಹಾಸ ಗೆಳೆಯರ ಜೊತೆ ಅದನ್ನು ಆಡಿಕೊಳ್ಳಲಿ. ಇಲ್ಲಿ ಎಲ್ಲವೂ ಅವನ ವಿವೇಕದ ಮೇಲೆ. ಎಲ್ಲದಕ್ಕೂ ದಾಳ ಹಾಕಿಸಬಾರದು, ಸೋತರೆ ಏನಾದರೂ ಕೆಡುವಂತಿದ್ದರೆ ಮಾತ್ರ. ಅಪಾಯ ಏನೆಂದು ಮೊದಲೇ ಹೇಳಬೇಕು. ಅಜ್ಜ ಶಬ್ದ ಹುಡುಕುವಾಗ ಬಾಯಿ ಹಾಕಿ ತುಂಬಿಸಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ದಣಿದರೆ ಅಲ್ಲಿಗೇ ನಿಲ್ಲಿಸಬೇಕು, ಕಥೆ ನಾಳೆಗೂ ಇರುತ್ತದೆ.

ಇದು ಔಷಧಿ ಎಂದು ನಾನು ಹೇಳುತ್ತಿಲ್ಲ. ಸ್ಪೀಚ್ ಥೆರಪಿಗೆ ಹೋಗುವುದು ಒಂದು ವಾರವೂ ತಪ್ಪಬಾರದು. ಆ ಮೇಡಂ ಹತ್ತಿರ ಈ ಆಟದ ವಿಷಯ ಹೇಳಿ, ಹೇಗೆ ಮಾಡಿಸಬೇಕೆಂದು ಕೇಳಿಯೇ ಶುರುಮಾಡಿ.

ಕಾಯಿಲೆ ಮನೆಯಲ್ಲಿ ದಾಳ ಉರುಳಬಾರದು, ಶಕುನಿಯ ಕೆಲಸ ಎಂದು ಅಮ್ಮ ಹೇಳಿದಳಂತೆ. ಅವಳಿಗೆ ಬಿಡಿಸಿ ಹೇಳು: ದುಡ್ಡಿಲ್ಲ, ಪಣವಿಲ್ಲ, ಒಬ್ಬರು ಸೋತು ಇನ್ನೊಬ್ಬರು ಗೆಲ್ಲುವುದೂ ಇಲ್ಲ. ಎಲ್ಲರೂ ಒಂದೇ ಕಡೆ. ಅಮ್ಮನೂ ಕೂರಲಿ, ದಾರಿಯಲ್ಲಿ ದೂತನಿಗೆ ಊಟ ಹಾಕುವ ಮನೆಯವಳಾಗಿ. ಅಪ್ಪಯ್ಯ ಅವಳ ಹತ್ತಿರ ಇನ್ನಷ್ಟು ಮಾತಾಡಿಯಾರು.

ದುಡ್ಡಿನ ಚಿಂತೆ ಬೇಡವೇ ಬೇಡ. ಫಿಸಿಯೋದವನನ್ನು ಮನೆಗೇ ಕರೆಸಿ, ವಾರಕ್ಕೆ ಎಷ್ಟು ಸಲ ಬೇಕೋ ಅಷ್ಟು. ಅದಕ್ಕಾಗಿ ಅಡಿಕೆಯನ್ನು ಹಸಿಯಲ್ಲೇ ಕೊಡಬೇಡಿ ಎಂದು ಭಾವನಿಗೆ ಹೇಳು, ನಾನು ಸೋಮವಾರ ಕಳಿಸುತ್ತೇನೆ. ನನಗೆ ಇಲ್ಲಿ ಏನೇನೂ ತೊಂದರೆ ಇಲ್ಲ. ಚಳಿಗೆ ದಪ್ಪ ಜಾಕೆಟ್ ಇದೆ, ಮನೆ ಬೆಚ್ಚಗಿದೆ, ಕೆಲಸ ಗಟ್ಟಿಯಿದೆ, ದಿನಾ ಅನ್ನ ಸಾರು ಮಾಡಿಕೊಂಡೇ ಉಣ್ಣುತ್ತೇನೆ, ತೂಕವೂ ಇಳಿದಿಲ್ಲ. ಜನವರಿಗೆ ರಜೆ ಕೇಳಿದ್ದೇನೆ, ಸಿಕ್ಕೇ ಸಿಗುತ್ತದೆ. ಅಪ್ಪಯ್ಯನಿಗೆ ಈಗಲೇ ಹೇಳಿಬಿಡು.

ಹೊತ್ತಾಯಿತು, ಕಾರಿನ ಮೇಲಿನ ಹಿಮ ಕೆರೆದು ಆಫೀಸಿಗೆ ಓಡಬೇಕು, ಇವತ್ತು ಶನಿವಾರವಾದರೂ ಕೆಲಸವಿದೆ. ಸುಹಾಸನಿಗೆ ನಾಳೆ ಫೋನ್ ಮಾಡುತ್ತೇನೆ, ಬೈಯಬೇಡ ಅವನಿಗೆ. ನೆತ್ತಿಗೆ ಹತ್ತುವ ವಿಷಯ ಮರೆಯದೆ ಬರಿ. ಅಮ್ಮ, ಅಪ್ಪಯ್ಯ, ಭಾವನಿಗೆ ನಮಸ್ಕಾರ.

ನಿನ್ನ ತಮ್ಮ