ಬಸ್ಸು ಟಮ್‌ವಾಟರ್ ಜಲಪಾತದವರೆಗೂ ಹೋಗಲಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೂ ಬರೆದಿದ್ದೇನೆ. ಸಿಯಾಟಲ್ ಸುತ್ತಮುತ್ತಲಿನ ಕನ್ನಡದವರೂ ಓದಲಿ ಅಂತ ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ.

ನಮ್ಮ ಮಕ್ಕಳನ್ನು ಶಾಲೆಯವರು ನಮ್ಮ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾಕ್ಕೆ ಬಸ್ಸಿನಲ್ಲಿ ಕರೆತರುತ್ತಾರೆ. ಶಾಸನಸಭೆಯ ಗುಮ್ಮಟ ನೋಡಿ, ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಂಡು ವಾಪಸ್. ಅಲ್ಲಿಂದ ಎರಡು ಮೈಲಿ ಆಸುಪಾಸಿನಲ್ಲಿ ಡೆಶೂಟ್ಸ್ ನದಿ ಧುಮುಕುವ ಟಮ್‌ವಾಟರ್ ಜಲಪಾತ ಇದೆ. ಬಸ್ಸು ಅಲ್ಲಿಗೂ ಹೋಗಬೇಕು. ಯಾಕೆ ಅಂತ ಹೇಳುತ್ತೇನೆ.

ಜಾರ್ಜ್ ಬುಶ್ ಹೆಸರು ನಿಮಗೆ ಗೊತ್ತು. (ಓದುಗರಿಗೆ: ಇವರು ಅಧ್ಯಕ್ಷರಲ್ಲ!) ಕಪ್ಪು ತಂದೆಯ ಮಗ. 1844ರಲ್ಲಿ ಹೆಂಡತಿ ಇಸಬೆಲ್ಲಾ, ಮಕ್ಕಳು, ಗೆಳೆಯ ಮೈಕಲ್ ಸಿಮನ್ಸ್ ಮತ್ತು ಇನ್ನಷ್ಟು ಕುಟುಂಬಗಳ ಜೊತೆ ಮಿಸ್ಸೂರಿಯಿಂದ ಆರಿಗನ್ ಕಡೆ ಗಾಡಿ ಕಟ್ಟಿದರು. ಅದೇ ವರ್ಷ ಆರಿಗನ್‌ನ ತಾತ್ಕಾಲಿಕ ಸರ್ಕಾರ ಕಪ್ಪು ಜನ ಅಲ್ಲಿ ನೆಲೆಸಬಾರದು ಅಂತ ಕಾನೂನು ಮಾಡಿತ್ತು. ಗಡುವು ಮೀರಿದವರಿಗೆ 20ರಿಂದ 39 ಛಡಿ ಏಟು. ಆ ಶಿಕ್ಷೆ ಜಾರಿಗೆ ಬರುವ ಮೊದಲೇ ರದ್ದಾಯಿತು. ಆದರೆ ಬುಶ್‌ಗೆ ಕೊಲಂಬಿಯಾ ನದಿಯ ದಕ್ಷಿಣದಲ್ಲಿ ಜಾಗ ಇಲ್ಲ ಅನ್ನುವುದು ಖಾತ್ರಿಯಾಗಿತ್ತು. ಜೊತೆಗಿದ್ದವರೂ ಅವರನ್ನು ಬಿಟ್ಟು ಹೋಗಲಿಲ್ಲ. ಎಲ್ಲರೂ ನದಿಯ ಉತ್ತರಕ್ಕೇ ಉಳಿದು, 1845ರಲ್ಲಿ ಈ ಜಲಪಾತದ ಹತ್ತಿರ ಬೀಡು ಬಿಟ್ಟರು.

ಮುಂದಿನ ವರ್ಷ ನೀರಿನ ಬಲದಿಂದ ಓಡುವ ಹಿಟ್ಟಿನ ಗಿರಣಿ ಎದ್ದಿತು. ಬೀಸುವ ಕಲ್ಲನ್ನು ಕಡಲ ದಂಡೆಯ ಗ್ರಾನೈಟ್ ಬಂಡೆಯಿಂದಲೇ ಕಡಿದರು. ಹಿಟ್ಟು ಸೋಸುವ ವ್ಯವಸ್ಥೆ ಇರಲಿಲ್ಲ, ತರಿತರಿಯಾಗಿ ಬರುತ್ತಿತ್ತು. ಆದರೂ ಊರಿಗೆ ಅದೇ ದೊಡ್ಡದು. 1847ರಲ್ಲಿ ಸಾಮಿಲ್ ಬಂತು. ಈ ಕೆಲಸದಲ್ಲಿ ಬುಶ್ ಅವರ ದುಡಿಮೆಯೂ ಇತ್ತು, ದುಡ್ಡೂ ಇತ್ತು. 1852ರಲ್ಲಿ ಧಾನ್ಯಕ್ಕೆ ತತ್ವಾರವಾದಾಗ ವ್ಯಾಪಾರಿಗಳು ಒಳ್ಳೆ ಬೆಲೆ ಕೊಡುತ್ತೇವೆ ಎಂದರು. ಬುಶ್ ಮಾರಲಿಲ್ಲ, ಹೊಸದಾಗಿ ಬಂದ ನೆರೆಹೊರೆಯವರಿಗೆ ಹಂಚಿದರು.

ಅಷ್ಟರಲ್ಲಿ 1850ರ ಭೂ ಕಾನೂನು ಬಂದಿತ್ತು. ಅದರ ಪ್ರಕಾರ ಉಚಿತ ಜಮೀನು ಬಿಳಿಯರಿಗೆ ಮತ್ತು ಮಿಶ್ರ ಮೂಲದ ಅಮೆರಿಕನ್ ಇಂಡಿಯನ್ನರಿಗೆ (ಅಲ್ಲಿನ ಮೂಲನಿವಾಸಿಗಳಿಗೆ) ಮಾತ್ರ. ಉತ್ತು ಬಿತ್ತಿದ ಹೊಲ ಬುಶ್ ಅವರದಲ್ಲ! 1854ರಲ್ಲಿ ನಿಮ್ಮ ಶಾಸನಸಭೆಯ ಹಿಂದಿನವರು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಮನವಿ ಕಳಿಸಿದರು. 1855ರಲ್ಲಿ ಕಾಂಗ್ರೆಸ್ ವಿಶೇಷ ಕಾನೂನು ಮಾಡಿ 640 ಎಕರೆಯನ್ನು ಬುಶ್ ಅವರಿಗೇ ಉಳಿಸಿತು. ಮತದಾನದ ಹಕ್ಕು ಮಾತ್ರ 1863ರಲ್ಲಿ ತೀರಿಕೊಳ್ಳುವವರೆಗೂ ಸಿಗಲಿಲ್ಲ. ಮಗ ವಿಲಿಯಂ ಓವನ್ ಬುಶ್ 1889ರಲ್ಲಿ ರಾಜ್ಯದ ಮೊದಲ ಶಾಸನಸಭೆಗೆ ಆಯ್ಕೆಯಾದರು.

ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಒಳ್ಳೆ ಮನುಷ್ಯ, ಒಳ್ಳೆ ಫಲ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ವಿನಾಯಿತಿ ಸಿಕ್ಕಿದ್ದು ಒಬ್ಬರಿಗೆ, ಕಾನೂನು ಹಾಗೇ ಉಳಿಯಿತು. ಊರಿಗೆ ಅನ್ನ ಹಾಕದ, ಗಿರಣಿಗೆ ದುಡ್ಡು ಹೂಡದ ಕಪ್ಪು ರೈತನಿಗೆ ಯಾರು ಮನವಿ ಬರೆಯುತ್ತಿದ್ದರು? ಹಕ್ಕು ಪಡೆಯಲು ಉಪಕಾರ ಮಾಡಿರಬೇಕಾ? ಇನ್ನೊಂದು ಮಾತು: ಅದು ಸ್ಕ್ವಾಕ್ಸಿನ್, ನಿಸ್ಕ್ವಾಲಿ ಎಂಬ ಮೂಲನಿವಾಸಿ ಜನರ ನೆಲ. 1854ರ ಡಿಸೆಂಬರಿನಲ್ಲೇ ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಅವರಿಂದ ಬರೆಸಿಕೊಂಡರು.

ನಾನು ಭಾರತದಿಂದ ಬಂದವನು, ಆದ್ದರಿಂದ ಈ ಪ್ರಶ್ನೆ ಜಾಸ್ತಿ ಕಾಡುತ್ತದೆ. 1907ರ ಸೆಪ್ಟೆಂಬರ್ 4ರಂದು ಇದೇ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಸಾಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು, ಹೆಚ್ಚಿನವರು ಪಂಜಾಬಿನ ಸಿಖ್ಖರು, ಗುಂಪು ಸೇರಿ ಹೊಡೆದು ಊರಿಂದ ಓಡಿಸಿದರು. ಅವರ ಪರ ವಿಶೇಷ ಕಾನೂನು ಯಾವುದೂ ಬರಲಿಲ್ಲ.

2021ರಲ್ಲಿ ನಿಮ್ಮ ಆವರಣದಲ್ಲಿ ಬುಶ್ ಸ್ಮಾರಕ ಎದ್ದಿದ್ದು ಒಳ್ಳೆಯದೇ ಆಯಿತು. ಪ್ರವಾಸ ಅಲ್ಲಿಂದ ಶುರುವಾಗಿ ಜಲಪಾತದ ಬಳಿ ಮುಗಿಯಲಿ. ಅಲ್ಲಿ ಮಕ್ಕಳ ಕೈಗೆ ಒಂದೇ ಹಾಳೆ ಕೊಡಿ: 1844ರ ಕಾನೂನು, 1850ರದ್ದು, 1855ರದ್ದು, ಮೂರರ ಮೂಲ ಸಾಲುಗಳು. ಜೊತೆಗೆ ಸ್ಕ್ವಾಕ್ಸಿನ್ ಸಮುದಾಯದವರೊಬ್ಬರು ಮಾತಾಡಲಿ.

ಇದಕ್ಕೆ ಬೇಕಾಗುವುದು ಬಸ್ಸಿನ ಬಾಡಿಗೆ ಮತ್ತು ಒಂದೆರಡು ಗಂಟೆ. ಮುಂದಿನ ಬಜೆಟ್ಟಿನಲ್ಲಿ ಸೇರಿಸುತ್ತೀರಾ, ಇಲ್ಲವಾ? ನಮ್ಮ ಕ್ಷೇತ್ರದ ಸಭೆಗೆ ಬಂದಾಗ ಉತ್ತರ ಹೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ