ಕಲ್ಲಿನ ಮೇಲಿಲ್ಲದ ಹೆಸರುಗಳನ್ನು ಹುಡುಕಿಕೊಟ್ಟವರಿಗೆ

ಎಲ್ಲರಿಗೂ ನಮಸ್ಕಾರ.

ಹಳೇ ಸೇತುವೆಯ ಚರಿತ್ರೆ ಕೊನೆಗೂ ಬರೆದು ಮುಗಿಸಿದ್ದೇನೆ. ದೊಡ್ಡ ಪುಸ್ತಕವೇನಲ್ಲ, ಒಂದು ಕಿರುಹೊತ್ತಿಗೆ. ಅಚ್ಚಾದ ಪ್ರತಿಗಳು ಕೈಗೆ ಬಂದಿವೆ. ಅದರಲ್ಲಿ ಕೃತಜ್ಞತೆಗೆ ಸಿಕ್ಕಿದ್ದು ಅರ್ಧ ಪುಟ. ಹೇಳಬೇಕಾದ್ದು ಅಷ್ಟರಲ್ಲಿ ಹಿಡಿಸಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಸೇತುವೆಯ ಮೊದಲ ಕಂಬದಲ್ಲಿ ಒಂದು ಕಲ್ಲು ಕೂರಿಸಿದ್ದಾರೆ. ಉದ್ಘಾಟನೆ ಮಾಡಿದವರ ಹೆಸರು, ಎಂಜಿನಿಯರ್ ಹೆಸರು, ವರ್ಷ. ಅಷ್ಟೇ. ಕಟ್ಟುವಾಗ ಕೆಲವು ಕೂಲಿಯವರು ಸತ್ತಿದ್ದರಂತೆ ಅಂತ ಹಿರಿಯರು ಹೇಳುತ್ತಿದ್ದರು. ಯಾರು, ಯಾವಾಗ ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಕಡತಗಳಲ್ಲಿ ಕಲ್ಲಿಗೆಷ್ಟು, ಸುಣ್ಣಕ್ಕೆಷ್ಟು ಅನ್ನುವ ಲೆಕ್ಕ ಸಿಗುತ್ತದೆ. ಕಲ್ಲು ಹೊತ್ತವರ ಹೆಸರು ಸಿಗುವುದು ತೀರಾ ಅಪರೂಪ. ನನ್ನಂಥ ಹವ್ಯಾಸಿಗೆ ಉಳಿದ ದಾರಿ ಹಳೇ ಪತ್ರಿಕೆ ಒಂದೇ. ಈಗ ಅಂಥ ನಾಲ್ಕು ಹೆಸರುಗಳು ಹೊತ್ತಿಗೆಯ ಮೊದಲ ಪುಟದಲ್ಲಿವೆ. ಅವು ಅಲ್ಲಿಗೆ ಬಂದಿದ್ದು ಎಷ್ಟೋ ಜನರ ಕೈಯಿಂದ. ಅವರಲ್ಲಿ ಜಾಸ್ತಿ ಜನರ ಮುಖವನ್ನೇ ನಾನು ನೋಡಿಲ್ಲ.

ಮೊದಲ ನಮಸ್ಕಾರ, ಯಂತ್ರ ತಪ್ಪಾಗಿ ಓದಿದ ಸಾಲುಗಳನ್ನು ಕೂತು ತಿದ್ದುವವರಿಗೆ.

ಹಳೇ ಪತ್ರಿಕೆ ಕಂಪ್ಯೂಟರಿಗೆ ಬರುವಾಗ ಏನಾಗುತ್ತದೆ ಅಂತ ಸ್ವಲ್ಪ ಹೇಳಲೇಬೇಕು. ಪುಟದ ಚಿತ್ರ ತೆಗೆಯುತ್ತಾರೆ. ಆಮೇಲೆ ಓಸಿಆರ್ ಅನ್ನುವ ತಂತ್ರಾಂಶ ಆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡುತ್ತದೆ. ಯಾವ ಪದ ಪುಟದ ಯಾವ ಜಾಗದಲ್ಲಿದೆ ಅನ್ನುವುದೂ ಜೊತೆಯಲ್ಲೇ ದಾಖಲಾಗುತ್ತದೆ. ಹುಡುಕಿದ ಪದ ಬಣ್ಣ ಬಳಿದು ಕಾಣಿಸುವುದು ಅದರಿಂದಲೇ. ನಾವು ಹುಡುಕುವುದು ಚಿತ್ರದಲ್ಲಿ ಅಲ್ಲ, ಯಂತ್ರ ಓದಿದ ಆ ಪಠ್ಯದಲ್ಲಿ. ಯಂತ್ರ ತಪ್ಪು ಓದಿದರೆ ಸುದ್ದಿ ಕಣ್ಣೆದುರೇ ಇದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ.

ತಪ್ಪು ಓದಲು ಕಾರಣ ಬೇಕಾದಷ್ಟಿವೆ. ಸವೆದ ಅಚ್ಚುಮೊಳೆ, ಹರಡಿದ ಮಸಿ, ಹಿಂದಿನ ಪುಟದಿಂದ ಇಣುಕುವ ಅಕ್ಷರ, ಸಾಲಿನ ಕೊನೆಯಲ್ಲಿ ಅರ್ಧಕ್ಕೆ ಮುರಿದ ಪದ. ಬ್ರಿಟಿಷ್ ಲೈಬ್ರರಿಯ 19ನೇ ಶತಮಾನದ ಪತ್ರಿಕೆಗಳನ್ನಿಟ್ಟುಕೊಂಡು 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಯಂತ್ರ ಸರಿಯಾಗಿ ಓದಿದ್ದು ನೂರಕ್ಕೆ ಸುಮಾರು 78 ಪದ. ದೊಡ್ಡಕ್ಷರದಿಂದ, ಅಂದರೆ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಿಂದ, ಶುರುವಾಗುವ ಪದಗಳನ್ನಷ್ಟೇ ನೋಡಿದರೆ ನೂರಕ್ಕೆ ಸುಮಾರು 63. ದೊಡ್ಡಕ್ಷರದಿಂದ ಶುರುವಾಗುವುದು ಯಾವುದು ಹೇಳಿ? ಜನರ ಹೆಸರು, ಊರಿನ ಹೆಸರು. ಊರಿನ ಚರಿತ್ರೆ ಹುಡುಕುವವರಿಗೆ ಬೇಕಾಗಿರುವುದೇ ಅದು, ಅಲ್ವಾ?

ನನಗೆ ಬೇಕಿದ್ದ ಸುದ್ದಿ ಒಳಪುಟದಲ್ಲಿತ್ತು. ಒಂದು ಕಡೆ ಧಾನ್ಯದ ಪೇಟೆ ಧಾರಣೆ, ಇನ್ನೊಂದು ಕಡೆ ಕಳೆದುಹೋದ ಕುದುರೆಯ ಪ್ರಕಟಣೆ. ನಡುವೆ ನಾಲ್ಕೇ ಸಾಲು. ಸೇತುವೆ ಅನ್ನುವ ಇಂಗ್ಲಿಷ್ ಪದದಲ್ಲಿ 'ಆರ್' ಮತ್ತು 'ಐ' ಅಂಟಿಕೊಂಡು ಯಂತ್ರಕ್ಕೆ 'ಎನ್' ಆಗಿ ಕಂಡಿತ್ತು. ಹೆಸರುಗಳಂತೂ ಗುರುತೇ ಸಿಗದಷ್ಟು ಕೆಟ್ಟಿದ್ದವು. ಆದರೆ ನಾನು ಅಲ್ಲಿಗೆ ಹೋಗುವ ಎಷ್ಟೋ ಮೊದಲೇ ಯಾರೋ ಪುಣ್ಯಾತ್ಮರು ಆ ನಾಲ್ಕು ಸಾಲನ್ನೂ ತಿದ್ದಿಟ್ಟಿದ್ದರು. ಅವರಿಗೆ ಈ ಸೇತುವೆ ಗೊತ್ತಿರಲಿಕ್ಕಿಲ್ಲ. ಪೇಟೆ ಧಾರಣೆಯ ಅಂಕಿಗಳನ್ನೂ ಅಷ್ಟೇ ಚೊಕ್ಕವಾಗಿ ತಿದ್ದಿದ್ದಾರೆ. ಇಡೀ ಪುಟವನ್ನು ಕೂತು ಓದಿದವರು ಅವರು. ಅವರು ಬಳಸುವ ಅಡ್ಡಹೆಸರು ಬಿಟ್ಟರೆ ನನಗೆ ಬೇರೇನೂ ತಿಳಿಯದು. ಎಲ್ಲೇ ಇರಿ, ಚೆನ್ನಾಗಿರಿ. ನೀವು ಆ ಪುಟ ಮುಟ್ಟಿರದಿದ್ದರೆ ಈ ಹೊತ್ತಿಗೆಯಲ್ಲಿ ಬರೀ ಎಂಜಿನಿಯರ್ ಹೆಸರಿರುತ್ತಿತ್ತು.

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2008ರಲ್ಲೇ ಓದುಗರ ಕೈಗೆ ಈ ತಿದ್ದುವ ಕೆಲಸ ಕೊಟ್ಟಿತು. ಈಗ ಟ್ರೋವ್ ಅನ್ನುವ ಹೆಸರಲ್ಲಿ ಅದು ನಡೆಯುತ್ತಿದೆ. ಸಂಬಳವಿಲ್ಲದೆ ಕೆಲಸ ಮಾಡುವ ಜನ ಅಲ್ಲಿ ಕೋಟಿಗಟ್ಟಲೆ ಸಾಲು ತಿದ್ದಿದ್ದಾರೆ. ಅವರಿಂದಲೇ ಕಲಿತು ನಾನೂ ಈಗ ದಿನಾ ಸಂಜೆ ಒಂದಷ್ಟು ಸಾಲು ತಿದ್ದುತ್ತೇನೆ. ನಾನು ತಿದ್ದಿದ್ದು ಯಾರಿಗೆ ಬೇಕಾಗುತ್ತದೋ ಗೊತ್ತಿಲ್ಲ, ಆದರೂ ಖುಷಿಯಾಗುತ್ತದೆ.

ಇನ್ನು ಕಾಗದ ಉಳಿಸಿದವರು. 19ನೇ ಶತಮಾನದ ಉತ್ತರಾರ್ಧದಲ್ಲಿ ಪತ್ರಿಕೆಗಳು ಚಿಂದಿಬಟ್ಟೆಯ ಕಾಗದ ಬಿಟ್ಟು ಮರದ ತಿರುಳಿನ ಕಾಗದಕ್ಕೆ ಬಂದವು. ಅಗ್ಗವಾಯಿತು, ಆದರೆ ಆಯುಷ್ಯ ಕಡಿಮೆಯಾಯಿತು. ಆ ಕಾಗದದಲ್ಲಿ ಆಮ್ಲದ ಅಂಶ ಜಾಸ್ತಿ. ಹಳದಿಯಾಗಿ, ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅಂಥದ್ದನ್ನು ಕಟ್ಟಿ, ಜೋಡಿಸಿ, ಮೈಕ್ರೋಫಿಲ್ಮ್ ಮಾಡಿಸಿ (ಅಂದರೆ ಪುಟಗಳ ಪುಟಾಣಿ ಚಿತ್ರಗಳನ್ನು ಫಿಲ್ಮ್ ಸುರುಳಿಯಲ್ಲಿ ಹಿಡಿಸಿ), ಆ ಫಿಲ್ಮನ್ನೂ ಕಾಪಾಡಿದವರಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಬ್ರಿಟಿಷ್ ಲೈಬ್ರರಿಯವರು ಇಂಗ್ಲೆಂಡಿನ ಬಾಸ್ಟನ್ ಸ್ಪಾ ಅನ್ನುವ ಊರಲ್ಲಿ ಪತ್ರಿಕೆಗಳಿಗಂತಲೇ ಒಂದು ಕಟ್ಟಡ ಕಟ್ಟಿಸಿದ್ದಾರೆ. ಬೆಂಕಿ ಹತ್ತಬಾರದು ಅಂತ ಒಳಗಿನ ಗಾಳಿಯಲ್ಲಿ ಆಮ್ಲಜನಕವನ್ನೇ ಕಡಿಮೆ ಮಾಡಿಟ್ಟಿದ್ದಾರೆ. ಸಂಪುಟ ಎತ್ತಿ ತರುವುದು ಯಂತ್ರ. ನಿನ್ನೆಯ ಪೇಪರನ್ನು ರದ್ದಿಗೆ ಹಾಕುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ನನಗೆ ಮಾತ್ರ ಇದನ್ನು ಓದಿದಾಗ ಮನಸ್ಸು ತುಂಬಿ ಬಂತು.

ಇಷ್ಟೆಲ್ಲ ಮಾಡಿ ಪುಟಗಳನ್ನು ಉಚಿತವಾಗಿ ತೆರೆದಿಟ್ಟವರಿದ್ದಾರಲ್ಲ, ಅವರ ಋಣ ದೊಡ್ಡದು. ನ್ಯೂಜಿಲೆಂಡಿನ ಹಳೇ ಪತ್ರಿಕೆಗಳ ಜಾಲತಾಣ ಪೇಪರ್ಸ್ ಪಾಸ್ಟ್ 2001ರಿಂದ ಇದೆ. ಅಂಥದ್ದೇ ತಾಣ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ, 2007ರಿಂದ ಇದೆ. ಗುರುತಿನ ಚೀಟಿ ಕೇಳುವುದಿಲ್ಲ, ಯಾವ ವಿಶ್ವವಿದ್ಯಾಲಯ ಅಂತ ಕೇಳುವುದಿಲ್ಲ. ಯಾವ ಪದವಿಯೂ ಇಲ್ಲದವರು ಮನೆಯಲ್ಲಿ ಕೂತು ಸಂಶೋಧನೆ ಮಾಡಬಹುದು ಅನ್ನುವ ಧೈರ್ಯ ಬರುವುದು ಇಂಥವರಿಂದ.

ಈಗ ಒಬ್ಬ ಗ್ರಂಥಪಾಲಕರ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ. ಆದರೆ ಅವರು ಮಾಡಿದ್ದನ್ನು ಹೇಳದೆ ಇರಲಾರೆ.

ನಾಲ್ಕನೆಯವರ ಹೆಸರು ತಿದ್ದಿದ ಪಠ್ಯದಲ್ಲೂ ಪೂರ್ತಿ ಇರಲಿಲ್ಲ. ತಿದ್ದಿದವರ ತಪ್ಪಲ್ಲ, ಚಿತ್ರದಲ್ಲೇ ಇರಲಿಲ್ಲ. ಆ ಅಂಕಣ ಸಂಪುಟದ ಹೊಲಿಗೆಗೆ ಅಂಟಿಕೊಂಡಂತಿತ್ತು. ಸಾಲಿನ ಕೊನೆಯ ಅಕ್ಷರಗಳು ಮಡಿಕೆಯ ಕತ್ತಲಲ್ಲಿ ಮುಳುಗಿಹೋಗಿದ್ದವು. ಮೈಕ್ರೋಫಿಲ್ಮ್ ಮಾಡಿದವರು ಪುಸ್ತಕವನ್ನು ಅದಕ್ಕಿಂತ ಬಿಚ್ಚುವ ಹಾಗಿರಲಿಲ್ಲ, ಬೆನ್ನು ಕಿತ್ತು ಬರುತ್ತಿತ್ತು. ಮೂಲ ಸಂಪುಟ ಇದ್ದ ಗ್ರಂಥಾಲಯಕ್ಕೆ ಒಂದು ಪತ್ರ ಬರೆದೆ. ಈ ದಿನ, ಈ ಪುಟ, ಈ ಅಂಕಣ, ಕೆಳಗಿನಿಂದ ಇಷ್ಟನೇ ಸಾಲು. ಉತ್ತರದ ಆಸೆ ಜಾಸ್ತಿ ಇರಲಿಲ್ಲ.

ಅವರು ಉಗ್ರಾಣದಿಂದ ಆ ಸಂಪುಟ ತರಿಸಿದರು. ಎರಡೂ ರಟ್ಟಿನ ಕೆಳಗೆ ಸ್ಪಂಜಿನ ಒತ್ತು ಕೊಟ್ಟು, ಎಷ್ಟು ಬಿಚ್ಚಬಹುದೋ ಅಷ್ಟೇ ಬಿಚ್ಚಿದರು. ಮಡಿಕೆಯ ಒಳಗೆ ಪಕ್ಕದಿಂದ ಸಣ್ಣ ಬೆಳಕು ಹಿಡಿದು, ಓರೆಯಾಗಿ ಫೋಟೋ ತೆಗೆದರು. ಒಂದರಲ್ಲಿ ಸ್ಪಷ್ಟವಾಗಲಿಲ್ಲ ಅಂತ ಬೆಳಕು ಬದಲಿಸಿ ಇನ್ನೊಂದು ತೆಗೆದರು. ಎರಡನೆಯದರಲ್ಲಿ ಕಾಗದದ ಬಾಗಿನ ಮೇಲೆ ಕೊನೆಯ ಮೂರು ಅಕ್ಷರ ಕಂಡವು, ಒಂದಿಷ್ಟು ಸೊಟ್ಟಗೆ, ಆದರೆ ಅನುಮಾನವಿಲ್ಲದಂತೆ. ಫೋಟೋ ಜೊತೆ ಎರಡೇ ಸಾಲು ಬರೆದಿದ್ದರು. ನಾನು ಓದಿದ್ದು ಇದು, ನೀವೂ ನೋಡಿ ಖಚಿತ ಮಾಡಿಕೊಳ್ಳಿ ಅಂತ. ಮೇಡಂ, ನೀವು ಕಳಿಸಿದ್ದು ಮೂರು ಅಕ್ಷರ. ನನಗೆ ಅದರಿಂದ ಒಬ್ಬ ಮನುಷ್ಯ ಸಿಕ್ಕಿದ.

ಹುಡುಕುವುದನ್ನು ಕಲಿಸಿದ ಗೆಳೆಯರಿಗೂ ವಂದನೆ. ನೀವು ಹೇಳಿದ ಉಪಾಯಗಳು ಇನ್ನೊಬ್ಬರಿಗೂ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತೇನೆ. ಹೆಸರನ್ನೇ ಹಿಡಿದು ಹುಡುಕಬೇಡ, ಅದರ ಅಕ್ಕಪಕ್ಕ ಇರಬಹುದಾದ ಪದ ಹುಡುಕು ಅಂದಿರಿ. ಸಾರುವೆ, ಹಗ್ಗ, ಪ್ರವಾಹ, ಗುತ್ತಿಗೆದಾರ. ಎರಡು ಪದ ಇಷ್ಟು ಪದಗಳ ಅಂತರದೊಳಗೆ ಬರಬೇಕು ಅಂತ ಕೇಳುವ ಸೌಲಭ್ಯ ಕೆಲವು ಕಡೆ ಇದೆ, ಅದನ್ನು ತೋರಿಸಿಕೊಟ್ಟಿರಿ. ಟೆಂಡರ್ ಕರೆದ ಜಾಹೀರಾತು ಸಿಕ್ಕಿದ್ದು ಹಾಗೆ. ಕೆಲಸ ಶುರುವಾದ ಕಾಲ ಗೊತ್ತಾಗಿದ್ದೂ ಅದರಿಂದಲೇ. ಏನೂ ಸಿಗದಿದ್ದಾಗ ಹುಡುಕಾಟ ಬಿಟ್ಟು ಸುಮ್ನೆ ವಾರ ವಾರದ ಪತ್ರಿಕೆಯನ್ನು ಮೊದಲ ಪುಟದಿಂದ ಓದು ಅಂದವರೂ ನೀವೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಸಲಹೆ ಅದು. ಸಂಪಾದಕರಿಗೆ ಬರೆದ ಪತ್ರಗಳಲ್ಲಿ ಸಿಕ್ಕಷ್ಟು ಜೀವಂತ ವಿವರ ಬೇರೆಲ್ಲೂ ಸಿಗಲಿಲ್ಲ. ನದಿ ಏರಿದಾಗ ದೋಣಿಯವರು ಎಷ್ಟು ಹಣ ಕೀಳುತ್ತಾರೆ ಅನ್ನುವ ದೂರು, ಸೇತುವೆ ಈ ಕಡೆ ಬೇಕು ಆ ಕಡೆ ಬೇಡ ಅನ್ನುವ ಜಗಳ, ಎಲ್ಲ ಅಲ್ಲಿದೆ.

ಒಬ್ಬರನ್ನು ಮರೆಯಬಾರದು. ಆ ನಾಲ್ಕು ಸಾಲು ಬರೆದ ಬಾತ್ಮೀದಾರ. ಆ ಕಾಲದ ಪತ್ರಿಕೆಗಳಲ್ಲಿ ಅವರ ಹೆಸರು ಹಾಕುತ್ತಿರಲಿಲ್ಲ, 'ನಮ್ಮ ಬಾತ್ಮೀದಾರರಿಂದ' ಅಂತ ಬರುತ್ತಿತ್ತು. ಕೆಲವು ಕೂಲಿಗಳು ಮೃತಪಟ್ಟರು ಅಂತ ಒಂದೇ ಸಾಲಲ್ಲಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಂಡರು. ಕಚೇರಿಯಲ್ಲಿ ಯಾರೋ ಅದನ್ನು ಕತ್ತರಿಸದೆ ಬಿಟ್ಟರು. ಇನ್ಯಾರೋ ಮೊಳೆ ಮೊಳೆ ಜೋಡಿಸಿದರು. ಅವರೆಲ್ಲರಿಗೂ ತಲೆಬಾಗುತ್ತೇನೆ.

ಆ ನಾಲ್ವರಲ್ಲಿ ಒಬ್ಬರ ಮನೆತನದವರು ಸಿಕ್ಕರು. ಮನೆಯ ಹಿರಿಯಜ್ಜಿಗೆ, ಮುತ್ತಜ್ಜ ನೀರಿನಲ್ಲಿ ಹೋದರು ಅನ್ನುವಷ್ಟು ಮಾತ್ರ ಕೇಳಿ ಗೊತ್ತಿತ್ತು. ಪತ್ರಿಕೆಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತೆಗೆದುಕೊಂಡು ಹೋಗಿದ್ದೆ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಓದಿದರು. ಆಮೇಲೆ ಮೊಮ್ಮಗನನ್ನು ಕರೆದು, ನೀನೂ ಓದು, ಜೋರಾಗಿ ಓದು ಅಂದರು. ಅಜ್ಜಿ, ಮನೆಯೊಳಗೆ ಕರೆದು ಕೂರಿಸಿ, ನಿಮ್ಮ ಮನೆಯ ಮಾತನ್ನು ನನ್ನ ಹತ್ತಿರ ಹೇಳಿಕೊಂಡಿರಿ. ಬರೆಯಲೂ ಒಪ್ಪಿದಿರಿ. ನಿಮಗೆ ನನ್ನ ನಮಸ್ಕಾರ.

ಕೊನೆಯಲ್ಲಿ ಕನ್ನಡದ ಹಳೇ ಪತ್ರಿಕೆಗಳಿಗಾಗಿ ದುಡಿಯುತ್ತಿರುವವರಿಗೆ ಒಂದು ಮಾತು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದರು. ಅದು ಕಲ್ಲಚ್ಚಿನದು, ಅಂದರೆ ಕೈಬರಹದಿಂದ ಅಚ್ಚಾದದ್ದು. ಮೊಳೆಯ ಅಚ್ಚಿಗೆ ಬಂದರೂ ಕನ್ನಡದ ಪುಟ ಯಂತ್ರಕ್ಕೆ ಸುಲಭದ ತುತ್ತಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ದೀರ್ಘದ ಕೊಂಬು ಅರ್ಧ ಅಳಿಸಿರುತ್ತದೆ. ವಿಭಕ್ತಿ ಸೇರಿ ಒಂದೇ ಹೆಸರು ಹತ್ತು ರೂಪದಲ್ಲಿ ಬರುತ್ತದೆ. ಇಂಥ ಪುಟಗಳನ್ನು ಸ್ಕ್ಯಾನ್ ಮಾಡುತ್ತಿರುವವರು, ಅಕ್ಷರ ಅಕ್ಷರ ಟೈಪ್ ಮಾಡುತ್ತಿರುವವರು ಇದ್ದಾರೆ. ನೀವು ಮಾಡುತ್ತಿರುವುದು ಎಷ್ಟು ದೊಡ್ಡ ಕೆಲಸ ಅಂತ ಬಳಸಿದವರಿಗೆ ಗೊತ್ತು. ಪುಟ ತಿದ್ದಲು ಜನ ಬೇಕಾದರೆ ನನ್ನನ್ನು ಕರೆಯಿರಿ. ಖಂಡಿತ ಬರುತ್ತೇನೆ.

ಹೊತ್ತಿಗೆಯ ಪ್ರತಿಗಳನ್ನು ಗ್ರಂಥಾಲಯಕ್ಕೂ ಶಾಲೆಗಳಿಗೂ ಕೊಟ್ಟಿದ್ದೇನೆ. ಬಳಸಿದ ಪ್ರತಿಯೊಂದು ಪತ್ರಿಕೆಯ ದಿನಾಂಕ, ಪುಟ, ಅಂಕಣ ಕೊನೆಯಲ್ಲಿದೆ. ಯಾರು ಬೇಕಾದರೂ ಪರೀಕ್ಷಿಸಬಹುದು.

ಕೆಲಸ ಪೂರ್ತಿ ಮುಗಿದಿಲ್ಲ. ಆ ನಾಲ್ಕು ಸಾಲು ಬಂದ ಮುಂದಿನ ವಾರದ ಸುದ್ದಿಯಲ್ಲಿ, ಗಾಯಗೊಂಡಿದ್ದ ಇನ್ನೊಬ್ಬ ಕೂಲಿಯೂ ತೀರಿಕೊಂಡ ಅಂತಿದೆ. ಹೆಸರಿಲ್ಲ. ಅದರ ಮುಂದಿನ ಸಂಚಿಕೆ ನಾನು ಕೇಳಿದ ಯಾವ ಸಂಗ್ರಹದಲ್ಲೂ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲೋ ಹಳೇ ಪೆಟ್ಟಿಗೆಯ ತಳದಲ್ಲೋ ಆ ಕಾಲದ ಪತ್ರಿಕೆಗಳಿದ್ದರೆ ದಯವಿಟ್ಟು ತಿಳಿಸಿ. ಮಡಿಕೆ ಬಿಡಿಸಲು ಹೋಗಬೇಡಿ, ಕಾಗದ ಮುರಿಯುತ್ತದೆ. ಇದ್ದ ಹಾಗೇ ಇಟ್ಟಿರಿ, ನಾನೇ ಬರುತ್ತೇನೆ.