ಬಿಳಿ ಹಣ್ಣಿನ ಮರ ಅಲ್ಲೇ ಇರಲಿ

ಸೋಮವಾರಪೇಟೆ

ಪ್ರೀತಿಯ ಮಗನಿಗೆ,

ನೀನು ಕಳಿಸಿದ ಫೋಟೋ ನೋಡಿದೆವು. ಎಲೆ ಉದುರಿದ ಕೊಂಬೆ ತುಂಬ ಬಿಳಿ ಹಣ್ಣಿನ ಗೊಂಚಲು. ಮುತ್ತು ಪೋಣಿಸಿದ ಹಾಗಿದೆ ಅಂದಳು ನಿನ್ನ ದೊಡ್ಡಮ್ಮ. ಅದು ಕಾಶ್ಮೀರದ ರೋವನ್. ಸಸ್ಯಶಾಸ್ತ್ರದವರು ಸಾರ್ಬಸ್ ಕಾಶ್ಮಿರಿಯಾನ ಅನ್ನುತ್ತಾರೆ. ಯುರೋಪಿನ ರೋವನ್ ಹಣ್ಣು ಕೆಂಪು, ಇದರದು ಬಿಳಿ. ನಾನೂ ಅಲ್ಲಿ ಡ್ಯೂಟಿಯಲ್ಲಿದ್ದಾಗ ಅದರ ಕೆಳಗೆ ನಿಂತಿದ್ದೇನೆ.

ಬೀಜ ತರಲಾ ಅಂತ ಕೇಳಿದ್ದೀಯ. ಬೇಡ ಮಗ.

ನಿನ್ನ ವಯಸ್ಸಲ್ಲಿ ನಾನು ಟ್ರಂಕಿನಲ್ಲಿ ಸೇಬಿನ ಗಿಡ ಇಟ್ಟುಕೊಂಡು ಬಂದಿದ್ದೆ. ಬಾವಿ ಪಕ್ಕ ನೆಟ್ಟೆ. ನಾಲ್ಕು ಮಳೆಗಾಲ ಹೇಗೋ ಬದುಕಿತು, ಒಂದು ಹೂವೂ ಬಿಡಲಿಲ್ಲ. ಐದನೇ ವರ್ಷ ಬೇರು ಕೊಳೆಯಿತು. ಅದನ್ನು ಕಿತ್ತ ದಿನ ನನಗೆ ಊಟ ಸೇರಲಿಲ್ಲ.

ರೋವನ್ ಸೇಬಿಗೆ ಹತ್ತಿರದ ನೆಂಟ, ಎರಡೂ ಗುಲಾಬಿ ಕುಟುಂಬದವು. ಒಂದು ಹಣ್ಣನ್ನು ಅಡ್ಡ ಕೊಯ್ದು ನೋಡು, ಪುಟಾಣಿ ಸೇಬೇ. ಅದರ ಬೀಜ ತಿಂಗಳುಗಟ್ಟಲೆ ಒದ್ದೆ ಚಳಿಯಲ್ಲಿ ಮಲಗಿದ ಮೇಲೇ ಮೊಳೆಯುವುದು. ನಮ್ಮ ಚಳಿ ಅದಕ್ಕೆ ಎಲ್ಲಿ ಸಾಕು? ಪಶ್ಚಿಮ ಹಿಮಾಲಯದಲ್ಲಿ ಅದು ಜಾಸ್ತಿ ಕಾಣುವುದು 2,500 ಮೀಟರ್‌ಗಿಂತ ಮೇಲೆ. ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, ಅದರ ತುದಿಯೇ 1,748 ಮೀಟರ್.

ಕಾಫಿಯೂ ಹೊರಗಿಂದ ಬಂದದ್ದೇ ಅಲ್ವಾ ಅಂತೀಯ, ಗೊತ್ತು. ಹೌದು. ಆದರೆ ಅರೇಬಿಕಾ ಕಾಫಿಯ ತವರು ಇಥಿಯೋಪಿಯಾದ ಬೆಟ್ಟದ ಕಾಡು. ಅಲ್ಲೂ ಮರದ ನೆರಳು, ನಮ್ಮಂಥದ್ದೇ ತಂಪು. ಅದಕ್ಕೇ ಇಲ್ಲಿ ಒಗ್ಗಿತು.

ಪೋಸ್ಟಿಂಗ್ ಮುಗಿಯುವವರೆಗೆ ಆ ಒಂದೇ ಮರವನ್ನು ನೋಡುತ್ತಿರು. ಸುಮ್ನೆ ಫೋಟೋ ತೆಗೆದು ಮುಂದೆ ಹೋಗಬೇಡ. ಎಲೆ ಬೇವಿನೆಲೆ ಹಾಗೆ, ಒಂದು ಕಡ್ಡಿಗೆ ಎಷ್ಟೋ ಚಿಕ್ಕ ಎಲೆಗಳು. ಎಣಿಸು, 15ರಿಂದ 19 ಸಿಗಬಹುದು. ಅಂಚಿನ ಹಲ್ಲುಗಳನ್ನು ಬೆರಳಲ್ಲಿ ಮುಟ್ಟು. ಮೇ, ಜೂನ್‌ನಲ್ಲಿ ತಿಳಿ ಗುಲಾಬಿ ಬಣ್ಣದ ಹೂ ಬರುತ್ತದೆ, ಆಗ ಯಾವ ಹುಳು ಬರುತ್ತವೆ ನೋಡು. ಹಿಮ ಬಿದ್ದ ಮೇಲೆ ಹಣ್ಣಿಗೆ ಬರುವ ಹಕ್ಕಿಗಳನ್ನೂ ಗಮನಿಸು. ಬೀಜ ಹರಡುವುದು ಅವುಗಳ ಕೆಲಸ. ಆ ಕೆಲಸ ಅವುಗಳಿಗೇ ಬಿಡು.

ಕೊಂಬೆ ಮುರಿಯಬೇಡ. ಉದುರಿದ ಎಲೆಯೊಂದನ್ನು ಡೈರಿಯಲ್ಲಿಟ್ಟು ತಾ, ಸಾಕು.

ಕಾಫಿ ಹಣ್ಣಾಗುತ್ತಿದೆ. ಡಿಸೆಂಬರ್‌ನಲ್ಲಿ ರಜೆ ಸಿಕ್ಕರೆ ಕುಯ್ಲಿಗೆ ಬಾ. ಚಳಿಯಲ್ಲಿ ಕಿವಿ ಮುಚ್ಚಿಕೊ.

ನಿನ್ನ ದೊಡ್ಡಪ್ಪ